ಹಳೇ ಯಜಮಾನ ಎಲ್ಲಿ ಕೂರಬೇಕು?

1974ರ ಆಗಸ್ಟ್ 10. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಚಾರಿಟಿ ಶೀಲ್ಡ್ ಪಂದ್ಯ. ಲೀಗ್ ಗೆದ್ದ ಲೀಡ್ಸ್ ಯುನೈಟೆಡ್ ಒಂದು ಕಡೆ, ಎಫ್.ಎ. ಕಪ್ ಗೆದ್ದ ಲಿವರ್‌ಪೂಲ್ ಇನ್ನೊಂದು ಕಡೆ. ತಂಡಗಳು ಸುರಂಗದಿಂದ ಸಾಲಾಗಿ ಹೊರಬಂದಾಗ ಲಿವರ್‌ಪೂಲ್ ಸಾಲಿನ ಮುಂದೆ ನಡೆಯುತ್ತಿದ್ದವರು ಬಿಲ್ ಶ್ಯಾಂಕ್ಲಿ. ಆದರೆ ಅವರು ಆಗ ಲಿವರ್‌ಪೂಲ್‌ನ ಮ್ಯಾನೇಜರ್ ಆಗಿರಲಿಲ್ಲ. ಹದಿನಾಲ್ಕೂವರೆ ವರ್ಷ ಮಾಡಿದ ಕೆಲಸಕ್ಕೆ ಜುಲೈ 12ರಂದೇ ರಾಜೀನಾಮೆ ಕೊಟ್ಟಿದ್ದರು. ಇದು ಬೀಳ್ಕೊಡುಗೆಯ ಮರ್ಯಾದೆ. ಪಕ್ಕದ ಸಾಲಿನ ಮುಂದೆ ಬ್ರಯಾನ್ ಕ್ಲಫ್. ಹದಿಮೂರು ವರ್ಷ ಲೀಡ್ಸ್ ನಡೆಸಿದ ಡಾನ್ ರೆವಿ ಅದೇ ಜುಲೈನಲ್ಲಿ ಇಂಗ್ಲೆಂಡ್ ತಂಡದ ಹೊಣೆ ಹೊತ್ತು ಹೋಗಿದ್ದರು. ಅವರ ಜಾಗಕ್ಕೆ ಕ್ಲಫ್ ಬಂದು ಇನ್ನೂ ಎರಡು ವಾರವೂ ತುಂಬಿರಲಿಲ್ಲ.

ಪಂದ್ಯ ಕೆಟ್ಟದಾಗಿ ನಡೆಯಿತು. ಲಿವರ್‌ಪೂಲ್‌ನ ಕೆವಿನ್ ಕೀಗನ್, ಲೀಡ್ಸ್ ನಾಯಕ ಬಿಲ್ಲಿ ಬ್ರೆಮ್ನರ್ ಕೈಕೈ ಮಿಲಾಯಿಸಿದರು. ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಹೋಗುವಾಗ ಇಬ್ಬರೂ ಅಂಗಿ ಕಳಚಿ ಎಸೆದರು, ಇಬ್ಬರಿಗೂ ದೀರ್ಘ ನಿಷೇಧ ಬಿತ್ತು. ಕೊನೆಗೆ ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು. ಆ ಶೀಲ್ಡ್ ಯಾರದಾಯಿತು ಎಂಬುದನ್ನು ಈಗ ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಬಹುಕಾಲ ಆಳಿದವರ ಜಾಗ ತುಂಬುವ ಕೆಲಸ ಎರಡು ದೊಡ್ಡ ಕ್ಲಬ್‌ಗಳಲ್ಲಿ ಒಂದೇ ಬೇಸಿಗೆಯಲ್ಲಿ ಶುರುವಾಗಿ, ಒಂದೇ ಹುಲ್ಲಿನ ಮೇಲೆ ಎದುರುಬದುರಾದ ಇಂಥ ಸಂದರ್ಭ ಫುಟ್‌ಬಾಲ್‌ನಲ್ಲಿ ಮತ್ತೆ ಸಿಗುವುದು ಕಷ್ಟ. ಸೆಪ್ಟೆಂಬರ್ 12ಕ್ಕೆ ಕ್ಲಫ್ ಮನೆಗೆ ಹೋದರು. ಅವರು ಲೀಡ್ಸ್‌ನಲ್ಲಿದ್ದದ್ದು 44 ದಿನ. ಶ್ಯಾಂಕ್ಲಿಯ ಜಾಗಕ್ಕೆ ಬಂದ ಬಾಬ್ ಪೈಸ್ಲಿ ಒಂಬತ್ತು ವರ್ಷ ಇದ್ದು ಆರು ಲೀಗ್, ಮೂರು ಯುರೋಪಿಯನ್ ಕಪ್ ಗೆದ್ದರು.

ಕ್ಲಫ್ ದಡ್ಡರೇನಲ್ಲ. 1972ರಲ್ಲಿ ಡರ್ಬಿ ಕೌಂಟಿಗೆ ಲೀಗ್ ಗೆದ್ದುಕೊಟ್ಟಿದ್ದರು. ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಂಥ ಕ್ಲಬ್ಬನ್ನು 1979, 1980ರಲ್ಲಿ ಸತತ ಎರಡು ಸಲ ಯುರೋಪಿನ ಚಾಂಪಿಯನ್ ಮಾಡಿದರು. ಆದರೆ ಲೀಡ್ಸ್‌ನ ಆಟ ಒರಟು, ಮೋಸದ್ದು ಎಂದು ಪತ್ರಿಕೆಗಳಲ್ಲೂ ಟಿ.ವಿ.ಯಲ್ಲೂ ವರ್ಷಗಟ್ಟಲೆ ಜರೆದ ಮನುಷ್ಯ ಅವರು. ಬಂದವರೇ, ನೀವು ಗೆದ್ದ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ ಎಂಬ ಧಾಟಿಯಲ್ಲಿ ಆಟಗಾರರೊಡನೆ ಮಾತಾಡಿದರು ಎಂಬುದು ಆ ಡ್ರೆಸ್ಸಿಂಗ್ ರೂಮಿನಲ್ಲಿದ್ದವರು ಮತ್ತೆಮತ್ತೆ ಹೇಳಿದ ಕಥೆ. ಜೊತೆಗಾರ ಪೀಟರ್ ಟೇಲರ್ ಬ್ರೈಟನ್‌ನಲ್ಲೇ ಉಳಿದಿದ್ದರು. ನಾಯಕ ಬ್ರೆಮ್ನರ್ ನಿಷೇಧದಲ್ಲಿದ್ದರು. ಲೀಗ್‌ನ ಆರು ಪಂದ್ಯಗಳಲ್ಲಿ ಗೆಲುವು ಒಂದೇ. ಆಮೇಲೆ ಬಂದ ಜಿಮ್ಮಿ ಆರ್ಮ್‌ಫೀಲ್ಡ್ ಸಾಧು ಮನುಷ್ಯ. ಯಾವುದನ್ನೂ ಕೆಡವದೆ, ಅದೇ ರೆವಿ ಆಟಗಾರರನ್ನು ಇಟ್ಟುಕೊಂಡು, ಅದೇ ಋತುವಿನಲ್ಲಿ ಪ್ಯಾರಿಸ್‌ನ ಯುರೋಪಿಯನ್ ಕಪ್ ಫೈನಲ್‌ವರೆಗೆ ನಡೆದರು. ಅಲ್ಲಿ ಬಯರ್ನ್ ಮ್ಯೂನಿಕ್ ಗೆದ್ದಿತು.

ಲಿವರ್‌ಪೂಲ್ ಮಾಡಿದ್ದು ಇನ್ನೂ ಸರಳ: ಹೊರಗೆ ಹುಡುಕಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಸುಳ್ಳು ಮಾಡಿದ ಪೈಸ್ಲಿ ಡರ್ಹಮ್ ಸೀಮೆಯ ಕಲ್ಲಿದ್ದಲು ಗಣಿಯೂರಿನವರು. 1939ರಲ್ಲಿ ಆಟಗಾರರಾಗಿ ಕ್ಲಬ್ ಸೇರಿ, ಯುದ್ಧಕ್ಕೆ ಹೋಗಿ ಬಂದು, ಆಟ ಮುಗಿದ ಮೇಲೆ ಮೂಳೆ ಸ್ನಾಯುಗಳ ಉಪಚಾರ ಕಲಿತು, ಕೊನೆಗೆ ಶ್ಯಾಂಕ್ಲಿಯ ಬಲಗೈ ಆದರು. ಆಟಗಾರ ನಡೆಯುವ ರೀತಿ ನೋಡಿಯೇ ಎಲ್ಲಿ ನೋವಿದೆ ಎಂದು ಹೇಳುತ್ತಿದ್ದರಂತೆ. ಮ್ಯಾನೇಜರ್ ಆಗುವ ಆಸೆ ಅವರಿಗೆ ಇರಲಿಲ್ಲ. ರಾಜೀನಾಮೆ ಬೇಡ ಎಂದು ಶ್ಯಾಂಕ್ಲಿಯನ್ನು ಒಪ್ಪಿಸಲು ನೋಡಿದವರಲ್ಲಿ ಅವರೂ ಒಬ್ಬರು. ಶ್ಯಾಂಕ್ಲಿ ಮಾತಿನ ಮಲ್ಲ, ಜನರನ್ನು ಎದೆಗಪ್ಪಿಕೊಳ್ಳುವವರು. ಪೈಸ್ಲಿಯ ಅರ್ಧ ವಾಕ್ಯ ಬಾಯಲ್ಲೇ ಉಳಿಯುತ್ತಿತ್ತು.

ಆದರೆ ಆನ್‌ಫೀಲ್ಡ್‌ನಲ್ಲಿ ಬೂಟ್ ರೂಮ್ ಎಂಬುದೊಂದಿತ್ತು. ಹೆಸರೇ ಹೇಳುವಂತೆ ಬೂಟುಗಳನ್ನಿಡುವ ಕಿರುಕೋಣೆ. ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್, ರಾನಿ ಮೊರಾನ್, ಟಾಮ್ ಸಾಂಡರ್ಸ್ ಅಲ್ಲಿ ಪೆಟ್ಟಿಗೆಗಳ ಮೇಲೆ ಕೂತು ಬಿಯರ್ ಕುಡಿಯುತ್ತ ಯಾರ ಕಾಲು ಸೋತಿದೆ, ಯಾರ ತಲೆ ತಿರುಗಿದೆ ಎಂದು ಮಾತಾಡುತ್ತಿದ್ದರು. ಪ್ರತಿದಿನದ ತಾಲೀಮು, ಗಾಯ, ಹವಾಮಾನ ಎಲ್ಲವನ್ನೂ ಡೈರಿಗಳಲ್ಲಿ ಬರೆದಿಡುತ್ತಿದ್ದರು. ಶ್ಯಾಂಕ್ಲಿ ಹೊರಟಾಗ ಅವರ ಮಾತು ಹೋಯಿತು, ಡೈರಿ ಉಳಿಯಿತು. ರಾಜೀನಾಮೆ ಪ್ರಕಟವಾದ ದಿನವೇ ಆರ್ಸೆನಲ್‌ನಿಂದ ರೇ ಕೆನಡಿ ಬಂದಿಳಿದಿದ್ದರು. ಶ್ಯಾಂಕ್ಲಿ ಕೊಂಡ ಕೊನೆಯ ಆಟಗಾರ. ಅವರು ಗೋಲು ಹೊಡೆಯುವ ಮುಂಚೂಣಿ ಆಟಗಾರ. ಪೈಸ್ಲಿ ಅವರನ್ನು ಹಿಂದಕ್ಕೆಳೆದು ಮಿಡ್‌ಫೀಲ್ಡ್‌ನ ಎಡಕ್ಕೆ ನಿಲ್ಲಿಸಿದರು. ಮೂರು ಯುರೋಪಿಯನ್ ಕಪ್‌ಗಳಲ್ಲೂ ಕೆನಡಿ ಅಲ್ಲೇ ಆಡಿದರು.

ಇಷ್ಟೆಲ್ಲ ಚೆನ್ನಾಗಿ ನಡೆದ ಕಡೆಯೂ ಒಂದು ಮುಳ್ಳಿತ್ತು. ಬಿಟ್ಟುಹೋದ ಶ್ಯಾಂಕ್ಲಿಗೆ ಬಿಟ್ಟಿರಲು ಆಗಲಿಲ್ಲ. ಬೆಳಗಾದರೆ ಮೆಲ್‌ವುಡ್ ತಾಲೀಮು ಮೈದಾನದಲ್ಲಿ ಹಾಜರು. ಆಟಗಾರರ ಬಾಯಲ್ಲಿ ಅವರು ಈಗಲೂ ‘ಬಾಸ್’, ಪೈಸ್ಲಿ ಬರೀ ‘ಬಾಬ್’. ಕೊನೆಗೆ ಕ್ಲಬ್ಬಿನವರು ಇನ್ನು ಬರಬೇಡಿ ಎಂದು ಸೂಚಿಸಬೇಕಾಯಿತು. ಶ್ಯಾಂಕ್ಲಿಗೆ ಅದು ಮಾಯದ ಗಾಯ. ಅವರ ಮನೆ ಇದ್ದದ್ದು ಎದುರಾಳಿ ಎವರ್ಟನ್ನಿನ ತಾಲೀಮು ಮೈದಾನ ಬೆಲ್‌ಫೀಲ್ಡ್‌ಗೆ ಹತ್ತಿರ. ಅಲ್ಲಿಗೆ ಹೋಗತೊಡಗಿದರು, ಅಲ್ಲಿ ಅವರನ್ನು ಆದರದಿಂದ ಕಂಡರು. ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುವ ಸಂಗತಿ ಇದು. ಆದರೂ ಲಿವರ್‌ಪೂಲ್ ಮಾಡಿದ್ದು ಸರಿ ಎಂದೇ ನನ್ನ ಲೆಕ್ಕ. ಕಟುಕತನವಿಲ್ಲದೆ ಪೈಸ್ಲಿ ಯುಗ ಶುರುವಾಗುತ್ತಿರಲಿಲ್ಲ.

ಇಂಗ್ಲೆಂಡಿನ ಹಳೇ ಕಾಲದ ಮ್ಯಾನೇಜರ್ ಎಂದರೆ ನಮ್ಮ ಕ್ರಿಕೆಟ್ ಕೋಚ್ ಥರ ಎಂದುಕೊಂಡರೆ ಈ ಗೋಳು ಅರ್ಥವಾಗುವುದಿಲ್ಲ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರಿಗೆಷ್ಟು ಸಂಬಳ, ಹದಿನಾಲ್ಕು ವರ್ಷದ ಯಾವ ಹುಡುಗನ ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಚಹಾ ಕುಡಿಯಬೇಕು ಎಂಬುದೆಲ್ಲ ಅವರ ಕೈಯಲ್ಲೇ. ಇಪ್ಪತ್ತು ವರ್ಷ ಹೀಗೆ ನಡೆದರೆ ಕ್ಲಬ್ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಶುರುವಾಗುತ್ತಾನೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅಂಥವರು ಹೊರಟಾಗ ‘ಮುಂದೆ ಯಾರು’ ಎಂದು ಪತ್ರಿಕೆಗಳು ವಾರಗಟ್ಟಲೆ ಕುಣಿಯುತ್ತವೆ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಹೋಗುವವರ ಜೊತೆ ಇನ್ನೇನೇನು ಹೋಗುತ್ತದೆ, ಹೋದವರು ಎಲ್ಲಿ ಹೋಗಿ ಕೂರುತ್ತಾರೆ ಎಂಬುದನ್ನು ಮೊದಲು ಕೇಳಬೇಕು. ಈ ಎರಡನ್ನೂ ಕೇಳದೆ ಎರಡು ಸಲ ಪೆಟ್ಟು ತಿಂದ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್.

ಮೊದಲ ಪೆಟ್ಟು ಮ್ಯಾಟ್ ಬಸ್ಬಿ ಕಾಲದ್ದು. 1945ರಲ್ಲಿ, ಬಾಂಬು ಬಿದ್ದು ಮೈದಾನವೇ ಪಾಳುಬಿದ್ದಿದ್ದ ಕ್ಲಬ್ಬಿಗೆ ಬಂದರು. ಕಟ್ಟಿದ ಎಳೆಯರ ತಂಡ 1958ರ ಫೆಬ್ರುವರಿ 6ರಂದು ಮ್ಯೂನಿಕ್ ವಿಮಾನ ದುರಂತಕ್ಕೆ ತುತ್ತಾಯಿತು. ಒಟ್ಟು 23 ಜನ ತೀರಿಕೊಂಡರು, ಅವರಲ್ಲಿ ಎಂಟು ಮಂದಿ ಆಟಗಾರರು. ಬಸ್ಬಿ ಸಾವಿನ ಬಾಯಿಂದ ಎದ್ದು ಬಂದು ಹತ್ತೇ ವರ್ಷದಲ್ಲಿ, 1968ರಲ್ಲಿ, ವೆಂಬ್ಲಿಯಲ್ಲಿ ಬೆನ್ಫಿಕಾವನ್ನು 4-1ರಿಂದ ಸೋಲಿಸಿ ಯುರೋಪಿಯನ್ ಕಪ್ ಎತ್ತಿದರು. ಇಂಗ್ಲೆಂಡಿನ ಯಾವ ಕ್ಲಬ್ಬೂ ಅದುವರೆಗೆ ಅದನ್ನು ಗೆದ್ದಿರಲಿಲ್ಲ. ಇಂಥವರನ್ನು ‘ಇನ್ನು ಸಾಕು’ ಎನ್ನುವವರು ಯಾರು? 1969ರಲ್ಲಿ ಅವರೇ ಸಾಕೆಂದರು. ಸಾಕೆಂದು ಜನರಲ್ ಮ್ಯಾನೇಜರ್ ಆಗಿ ಅಲ್ಲೇ ಉಳಿದರು.

ಜಾಗಕ್ಕೆ ತಂದದ್ದು ವಿಲ್ಫ್ ಮೆಕ್‌ಗಿನೆಸ್ ಅವರನ್ನು. ಬಸ್ಬಿ ಗರಡಿಯ ಹುಡುಗ, ಕಾಲು ಮುರಿದು ಆಟ ಬೇಗ ಮುಗಿದು ತರಬೇತುದಾರರಾದವರು. ವಯಸ್ಸು 31. ತಂಡದ ದೊಡ್ಡ ಆಟಗಾರ ಬಾಬಿ ಚಾರ್ಲ್ಟನ್ ಹುಟ್ಟಿದ್ದೂ ಅದೇ 1937ರ ಅದೇ ಅಕ್ಟೋಬರ್ ತಿಂಗಳಲ್ಲಿ. ಮೆಕ್‌ಗಿನೆಸ್‌ಗೆ ಮೊದಲು ಕೊಟ್ಟದ್ದು ಮ್ಯಾನೇಜರ್ ಹುದ್ದೆಯನ್ನೂ ಅಲ್ಲ, ‘ಮುಖ್ಯ ಕೋಚ್’ ಎಂಬ ಹೆಸರು. ಯಜಮಾನಿಕೆ ಮಗನಿಗೆ ಬಿಟ್ಟೆ ಎಂದು ಊರಿಗೆಲ್ಲ ಹೇಳಿ, ಕಣಜದ ಬೀಗದಕೈ ಮಾತ್ರ ಸೊಂಟದಲ್ಲೇ ಸಿಕ್ಕಿಸಿಕೊಂಡು ಜಗಲಿ ಮೇಲೆ ಕೂರುವ ಅಜ್ಜಂದಿರನ್ನು ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ನಿನ್ನೆಯವರೆಗೆ ಒಟ್ಟಿಗೆ ಕಾರ್ಡ್ಸ್ ಆಡುತ್ತಿದ್ದವರನ್ನು ತಂಡದಿಂದ ಕೈಬಿಡಬೇಕು. ಕೈಬಿಟ್ಟರೆ ಅವರು ಮೆಟ್ಟಿಲು ಹತ್ತಿ ಬಸ್ಬಿ ಬಳಿ ಹೋಗುತ್ತಾರೆ. ಇಷ್ಟಾದರೂ ಮೆಕ್‌ಗಿನೆಸ್ ಮೂರು ಸಲ ಕಪ್ ಸೆಮಿಫೈನಲ್ ತಲುಪಿದರು. ಮೂರನೆಯದರಲ್ಲಿ, ಮೂರನೇ ಡಿವಿಷನ್ನಿನಲ್ಲಿದ್ದ ಆಸ್ಟನ್ ವಿಲ್ಲಾಕ್ಕೆ ಸೋತ ಬೆನ್ನಿಗೇ, 1970ರ ಡಿಸೆಂಬರ್‌ನಲ್ಲಿ ಅವರನ್ನು ಕೆಳಗಿಳಿಸಿದರು. ಆ ಋತುವಿನ ಕೊನೆವರೆಗೆ ತಂಡವನ್ನು ನೋಡಿಕೊಳ್ಳಲು ಮತ್ತೆ ಬಂದವರು ಬಸ್ಬಿಯೇ. ಮೆಕ್‌ಗಿನೆಸ್ ಗ್ರೀಸ್ ದೇಶಕ್ಕೆ ಹೋದರು, ತಲೆಗೂದಲೆಲ್ಲ ಉದುರಿತು. ಮುಂದೆ ಅದನ್ನೇ ಹೇಳಿ ಊಟದ ಸಭೆಗಳಲ್ಲಿ ನಗಿಸುತ್ತಿದ್ದರು.

1971ರಲ್ಲಿ ಐರ್ಲೆಂಡಿನ ಫ್ರ್ಯಾಂಕ್ ಓಫಾರೆಲ್ ಬಂದರು. ಬಂದು ನೋಡಿದರೆ ಮ್ಯಾನೇಜರ್ ಕೊಠಡಿಯಲ್ಲಿ ಬಸ್ಬಿ ಕೂತಿದ್ದಾರೆ, ಹೊಸಬರಿಗೆ ಬೇರೆಡೆ ಚಿಕ್ಕದೊಂದು ಕೋಣೆ ಸಿದ್ಧವಾಗುತ್ತಿದೆ. ಆ ಕೊಠಡಿ ನನಗೇ ಬೇಕು ಎಂದು ಕೇಳಿ ಪಡೆಯಬೇಕಾಯಿತು ಎಂದು ಓಫಾರೆಲ್ ಮುಂದೆ ಹೇಳಿಕೊಂಡಿದ್ದಾರೆ. ಕೊಠಡಿ ಸಿಕ್ಕಿತು, ಬೀಗದಕೈ ಸಿಗಲಿಲ್ಲ. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತುದಿಯಲ್ಲಿದ್ದ ತಂಡ ಎಂಟನೆಯದಾಗಿ ಮುಗಿಸಿತು. ಮರುವರ್ಷ ಡಿಸೆಂಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು 5-0 ಸೋಲು, ಓಫಾರೆಲ್ ಕೂಡ ಹೊರಗೆ. ಯುರೋಪ್ ಗೆದ್ದ ಆರನೇ ವರ್ಷ, 1974ರಲ್ಲಿ, ಯುನೈಟೆಡ್ ಎರಡನೇ ಡಿವಿಷನ್ನಿಗೆ ಜಾರಿತು. ತಮ್ಮದೇ ಹಳೇ ಹೀರೊ ಡೆನಿಸ್ ಲಾ, ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಪರ ಹಿಮ್ಮಡಿಯಲ್ಲಿ ಹೊಡೆದ ಗೋಲು ಅವರನ್ನು ಕೆಳಕ್ಕೆ ತಳ್ಳಿತು ಎಂಬ ಕಥೆ ಚೆಂದವಿದೆ, ಆದರೆ ನಿಜವಲ್ಲ. ಆ ದಿನ ಬೇರೆಡೆಯ ಫಲಿತಾಂಶ ಬಂದ ರೀತಿಗೆ ಅವರು ಗೆದ್ದಿದ್ದರೂ ಇಳಿಯಲೇಬೇಕಿತ್ತು. ಕೆಳಗಿಳಿಯುವ ದಾರಿ ಐದು ವರ್ಷದಿಂದ ಸವೆದಿತ್ತು.

ಈ ಚರಿತ್ರೆಯೆಲ್ಲ ಆಲೆಕ್ಸ್ ಫರ್ಗುಸನ್ ಅವರಿಗೆ ಬಾಯಿಪಾಠ. 1986ರ ನವೆಂಬರ್ 6ರಂದು ಅವರು ಯುನೈಟೆಡ್‌ಗೆ ಬಂದಾಗ ಬಸ್ಬಿ ಇನ್ನೂ ಅಲ್ಲಿ ಓಡಾಡಿಕೊಂಡಿದ್ದರು. ಮೊದಲ ಕಪ್ ಗೆಲ್ಲಲು 1990ರವರೆಗೆ ಕಾಯಬೇಕಾಯಿತು. ಆ ನಡುವೆ ಫರ್ಗುಸನ್ ಹೋಗಲಿ ಎಂದು ಕೂಗಿದವರು ಕಡಿಮೆಯಿರಲಿಲ್ಲ. ಲೀಗ್ ಸಿಕ್ಕಿದ್ದು 1993ರಲ್ಲಿ, ಇಪ್ಪತ್ತಾರು ವರ್ಷದ ಬರಗಾಲ ಕಳೆದು. ಆಮೇಲಿನದು ಎಲ್ಲರಿಗೂ ಗೊತ್ತು: 13 ಲೀಗ್, ಎರಡು ಚಾಂಪಿಯನ್ಸ್ ಲೀಗ್, ಎಲ್ಲ ಸೇರಿ 38 ಪ್ರಶಸ್ತಿ.

ಅವರು ಒಮ್ಮೆ ಮೊದಲೇ ಹೇಳಿ ಹೊರಡಲು ನೋಡಿದ್ದರು ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. 2001-02 ನನ್ನ ಕೊನೆಯ ಋತು ಎಂದು ಘೋಷಿಸಿದರು. ಹೋಗುವವರ ಮಾತಿಗೆ ಎಷ್ಟು ಬೆಲೆ? ತಂಡ ಸಡಿಲಾಯಿತು, ಸೋಲುಗಳು ಸಾಲುಗಟ್ಟಿದವು. ಫೆಬ್ರುವರಿಯಲ್ಲಿ ಮನಸ್ಸು ಬದಲಿಸಿ ಉಳಿದುಕೊಂಡರು, ಆದರೂ ಆ ವರ್ಷ ಒಂದೂ ಕಪ್ ಬರಲಿಲ್ಲ. ಆ ಪಾಠ ಅವರು ಮರೆಯಲಿಲ್ಲ. 2012ರಲ್ಲಿ ಹೆಂಡತಿ ಕ್ಯಾಥಿಯ ಸಹೋದರಿ ತೀರಿಕೊಂಡಾಗ, ಕ್ರಿಸ್‌ಮಸ್ ಹೊತ್ತಿಗೆ ನಿವೃತ್ತಿ ನಿರ್ಧರಿಸಿದರು. ಈ ಸಲ ಮನೆಯವರಿಗೆ, ಕ್ಲಬ್ಬಿನ ಕೆಲವೇ ಜನಕ್ಕೆ ಬಿಟ್ಟು ಯಾರಿಗೂ ಹೇಳಲಿಲ್ಲ. ತಂಡ ಬಿಗಿಯಾಗಿಯೇ ಇತ್ತು; ಎರಡನೇ ಸ್ಥಾನದ ಸಿಟಿಗಿಂತ 11 ಅಂಕ ಮುಂದೆ ನಿಂತು ಲೀಗ್ ಗೆದ್ದಿತು. ಗುಟ್ಟು ಹೊರಬಿದ್ದದ್ದು 2013ರ ಮೇ 8ಕ್ಕೆ. ಮರುದಿನ ಡೇವಿಡ್ ಮೋಯ್ಸ್ ಹೆಸರು ಬಂತು, ಆರು ವರ್ಷದ ಕರಾರು. ಕೊನೆಯ ಕಪ್ಪು ಗುಟ್ಟಿನಿಂದ ಬಂತು; ಗುಟ್ಟಿನ ಬೆಲೆ ತೆತ್ತವರು ಮೋಯ್ಸ್.

ಮೋಯ್ಸ್ ಎವರ್ಟನ್ ಜೊತೆಗಿನ ಕರಾರು ಮುಗಿಸಿ ಜುಲೈ 1ಕ್ಕೆ ಕೆಲಸಕ್ಕೆ ಬಂದರು. ಫರ್ಗುಸನ್ ಮನೆಗೆ ಕರೆದಾಗ, ತನ್ನ ಆಟಗಾರನೊಬ್ಬನನ್ನು ಕೊಳ್ಳುವ ಮಾತಿರಬೇಕು ಎಂದುಕೊಂಡು ಜೀನ್ಸ್‌ನಲ್ಲೇ ಹೋದೆ ಎಂದು ಅವರು ಹೇಳಿದ್ದಾರೆ. ಬೇಕಾ ಎಂದು ಕೇಳಿದ್ದಲ್ಲ, ನೀನೇ ಎಂದು ಹೇಳಿದ್ದು. ಆಯ್ಕೆಯ ಹಿಂದೆ ಯೋಚನೆ ಇತ್ತು, ಪೆಪ್ ಗಾರ್ಡಿಯೋಲರಂಥವರು ಸಿಗುವ ಸ್ಥಿತಿಯಲ್ಲಿರಲಿಲ್ಲ ಎಂದು ಫರ್ಗುಸನ್ ಆಮೇಲೆ ಸಮಜಾಯಿಷಿ ಕೊಟ್ಟರು. ಇರಬಹುದು. ಆದರೂ ಹೊರಡುವವರೇ ಬರುವವರನ್ನು ಬೆರಳು ಮಾಡಿ ತೋರಿಸುವ ಪದ್ಧತಿ ನನಗೆ ಹಿಡಿಸದು. ಇಪ್ಪತ್ತಾರು ವರ್ಷ ಎಲ್ಲವನ್ನೂ ತಾನೇ ನಿರ್ಧರಿಸಿದವರು ಕೊನೆಯದನ್ನೂ ತಾವೇ ನಿರ್ಧರಿಸಿದರೆ, ಅವರು ಹೋದ ಮೇಲೆ ನಿರ್ಧರಿಸುವವರು ಯಾರು?

ಯಾರೂ ಇರಲಿಲ್ಲ. ಆಟಗಾರರ ಖರೀದಿಯ ಒಳಹೊರಗು ಬಲ್ಲ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಅದೇ ಬೇಸಿಗೆಯಲ್ಲಿ ಹುದ್ದೆ ಬಿಟ್ಟರು. ಜಾಗಕ್ಕೆ ಬಂದ ಎಡ್ ವುಡ್‌ವರ್ಡ್ ಹಣಕಾಸಿನ, ಪ್ರಾಯೋಜಕರ ಲೋಕದವರು. ಮೈದಾನದಲ್ಲಿ ದಿನಾ ತಾಲೀಮು ನಡೆಸುತ್ತಿದ್ದ ರೆನೆ ಮ್ಯೂಲೆನ್‌ಸ್ಟೀನ್, ಸಹಾಯಕ ಮೈಕ್ ಫೀಲನ್, ಗೋಲ್‌ಕೀಪರ್ ತರಬೇತುದಾರ ಎರಿಕ್ ಸ್ಟೀಲ್ ಮೂವರೂ ಹೋದರು. ಮೋಯ್ಸ್ ಎವರ್ಟನ್‌ನಿಂದ ತಮ್ಮವರನ್ನು ಕರೆತಂದರು. ಬೂಟ್ ರೂಮಿನವರನ್ನೆಲ್ಲ ಕಳಿಸಿ ಬೀಗ ಹಾಕಿದಂತಾಯಿತು. ಇದು ಮೋಯ್ಸ್ ಅವರ ದೊಡ್ಡ ಎಡವಟ್ಟು, ಅದರಲ್ಲಿ ಅನುಮಾನವಿಲ್ಲ.

ಖರೀದಿಯಲ್ಲಿ ನಗೆಪಾಟಲು. ಎವರ್ಟನ್‌ನ ಮರೂವಾನ್ ಫೆಲ್ಲೈನಿಯನ್ನು ಜುಲೈ ಮುಗಿಯುವುದರೊಳಗೆ 2.35 ಕೋಟಿ ಪೌಂಡಿಗೆ ಬಿಡಿಸಿಕೊಳ್ಳಬಹುದೆಂದು ಕರಾರಿನಲ್ಲೇ ಇತ್ತು. ಆ ಗಡುವು ದಾಟಿಸಿ, ಕೊನೆಯ ದಿನ 2.75 ಕೋಟಿ ಕೊಟ್ಟರು. ಉಳಿದ ದೊಡ್ಡ ಹೆಸರುಗಳು ಕೈ ತಪ್ಪಿದವು. ತಂಡವೋ, ಲೀಗ್ ಗೆದ್ದ ತಂಡವೇ ಆದರೂ ಬೆನ್ನೆಲುಬಿಗೆ ವಯಸ್ಸಾಗಿತ್ತು. ರಯಾನ್ ಗಿಗ್ಸ್‌ಗೆ 39, ರಿಯೊ ಫರ್ಡಿನಂಡ್‌ಗೆ 34, ಪ್ಯಾಟ್ರಿಸ್ ಎವ್ರಾಗೆ 32. ಪಾಲ್ ಸ್ಕೋಲ್ಸ್ ಫರ್ಗುಸನ್ ಜೊತೆಗೇ ನಿವೃತ್ತರಾದರು. ಫರ್ಗುಸನ್ ಇದ್ದಿದ್ದರೆ ಇನ್ನೊಂದು ವರ್ಷ ಹಿಂಡಿ ತೆಗೆಯುತ್ತಿದ್ದರೇನೋ. ಬೇರೆಯವರಿಗೆ ಆ ಕೈಗುಣ ಇರಲಿಲ್ಲ.

ಮೈದಾನಕ್ಕೆ ಬಂದರೆ ಬಾಗಿಲಲ್ಲಿ ಫರ್ಗುಸನ್ ಪ್ರತಿಮೆ. ಒಳಗೆ ಫರ್ಗುಸನ್ ಹೆಸರಿನ ಇಡೀ ಸ್ಟ್ಯಾಂಡ್. ನಿರ್ದೇಶಕರ ಸಾಲಿನಲ್ಲಿ ಸಾಕ್ಷಾತ್ ಫರ್ಗುಸನ್. ಯುನೈಟೆಡ್ ಗೋಲು ಬಿಟ್ಟುಕೊಟ್ಟ ಕೂಡಲೇ ಟಿ.ವಿ. ಕ್ಯಾಮೆರಾ ಅವರ ಮುಖದತ್ತ ತಿರುಗುತ್ತಿತ್ತು. ಅವರು ಬಸ್ಬಿಯಂತೆ ಕೈ ಹಾಕಲಿಲ್ಲ, ಅದನ್ನು ಒಪ್ಪಬೇಕು. ವಿದಾಯದ ದಿನ, ಹೊಸ ಮ್ಯಾನೇಜರ್ ಬೆನ್ನಿಗೆ ನಿಲ್ಲುವುದು ನಿಮ್ಮ ಕೆಲಸ ಎಂದು ಪ್ರೇಕ್ಷಕರಿಗೆ ಮೈಕ್ ಹಿಡಿದು ಹೇಳಿದ್ದರು. ಆದರೆ ಕ್ಯಾಮೆರಾಗೆ ಕಾಣುವ ಕುರ್ಚಿಯಲ್ಲಿ ಕೂತಮೇಲೆ ಕೈ ಹಾಕಿದರೇನು, ಬಿಟ್ಟರೇನು.

ಫೆಬ್ರುವರಿ 9ರ ಪಂದ್ಯವೊಂದು ಆ ಇಡೀ ಋತುವನ್ನು ಹೇಳಿಬಿಡುತ್ತದೆ. ಪಟ್ಟಿಯ ತಳದಲ್ಲಿದ್ದ ಫುಲ್ಹಮ್ ಎದುರು ಯುನೈಟೆಡ್ ಅಂಚಿನಿಂದ ಪೆನಾಲ್ಟಿ ಬಾಕ್ಸಿಗೆ 81 ಸಲ ಚೆಂಡು ತೂರಿತು. ಎಂಬತ್ತೊಂದು! ಪಂದ್ಯ 2-2. ಫುಲ್ಹಮ್ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಯಾರೆಂದರೆ, ಮೋಯ್ಸ್ ಬಂದಾಗ ಯುನೈಟೆಡ್ ಬಿಟ್ಟಿದ್ದ ಅದೇ ರೆನೆ ಮ್ಯೂಲೆನ್‌ಸ್ಟೀನ್. ಮಾರ್ಚ್‌ನಲ್ಲಿ ಲಿವರ್‌ಪೂಲ್, ಸಿಟಿ ಎರಡೂ ಓಲ್ಡ್ ಟ್ರಾಫರ್ಡ್‌ಗೇ ಬಂದು 3-0 ಹೊಡೆದು ಹೋದವು. ಅಭಿಮಾನಿಗಳು ಹಣ ಕೂಡಿಸಿ ‘ಮೋಯ್ಸ್ ತೊಲಗಿ’ ಎಂಬ ಬ್ಯಾನರ್ ಕಟ್ಟಿದ ವಿಮಾನವನ್ನು ಮೈದಾನದ ಮೇಲೆ ಹಾರಿಸಿದರು.

ಇದೇ ಹೊತ್ತಿಗೆ ಮೋಯ್ಸ್ ಬಿಟ್ಟು ಬಂದ ಎವರ್ಟನ್ನಿನಲ್ಲಿ ಏನಾಗುತ್ತಿತ್ತು? ಅಲ್ಲೂ ಹನ್ನೊಂದು ವರ್ಷ ಆಳಿದವರ ಜಾಗ ಖಾಲಿಯಾಗಿತ್ತಲ್ಲ. ಅಲ್ಲಿಗೆ ಸ್ಪೇನಿನ ರೊಬರ್ಟೊ ಮಾರ್ಟಿನೆಜ್ ಬಂದರು. ಡಿಸೆಂಬರ್‌ನಲ್ಲಿ ಅವರ ತಂಡ ಓಲ್ಡ್ ಟ್ರಾಫರ್ಡ್‌ನಲ್ಲಿ 1-0 ಗೆದ್ದಿತು. 1992ರ ಬಳಿಕ ಎವರ್ಟನ್‌ಗೆ ಅಲ್ಲಿ ಸಿಕ್ಕ ಮೊದಲ ಗೆಲುವು. ಹನ್ನೊಂದು ವರ್ಷ ಹೋಗಿ ಬಂದರೂ ಮೋಯ್ಸ್ ಕೈಲಿ ಆಗದ್ದು, ಅವರ ಎದುರೇ ಆಯಿತು. ಏಪ್ರಿಲ್ 20ರಂದು ಎವರ್ಟನ್ ತವರಿನಲ್ಲಿ ಮತ್ತೆ 2-0. ಎರಡೇ ದಿನಕ್ಕೆ ಯುನೈಟೆಡ್ ಮೋಯ್ಸ್ ಅವರನ್ನು ತೆಗೆಯಿತು. ಆರು ವರ್ಷದ ಕರಾರು ಹತ್ತು ತಿಂಗಳಿಗೆ ಮುಗಿಯಿತು. ಋತು ಮುಗಿದಾಗ ಎವರ್ಟನ್‌ಗೆ 72 ಅಂಕ, ಯುನೈಟೆಡ್‌ಗೆ 64.

(ಅದೇ 2013ರಲ್ಲಿ ಬೆಂಗಳೂರಿನಲ್ಲೂ ಒಂದು ಕುರ್ಚಿ ತುಂಬಿತು, ಅದರಲ್ಲಿ ಹಿಂದೆ ಯಾರೂ ಕೂತಿರಲಿಲ್ಲ. ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಮೊದಲ ಕೋಚ್ ಆಗಿ ಬಂದ ಆಶ್ಲಿ ವೆಸ್ಟ್‌ವುಡ್, ಹದಿಹರೆಯದಲ್ಲಿ ಫರ್ಗುಸನ್ ಕಾಲದ ಯುನೈಟೆಡ್‌ನಲ್ಲೇ ಪಳಗಿದವರು. ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದರು. ಪ್ರತಿಮೆಯಿಲ್ಲದ ಮೈದಾನದ ಸುಖವೇ ಬೇರೆ.)

ಮೋಯ್ಸ್ ಆದ ಮೇಲೆ ಯುನೈಟೆಡ್ ಹಿಡಿದ ದಾರಿ ಇನ್ನೂ ವಿಚಿತ್ರ. ತತ್ವದ ಮೇಷ್ಟ್ರು ಲೂಯಿ ವಾನ್ ಗಾಲ್, ಜಗಳದ ಜೋಸೆ ಮೌರಿನ್ಯೊ, ಹಳೇ ನೆನಪಿನ ಓಲೆ ಗುನಾರ್ ಸೋಲ್‌ಷೇರ್, ಶಿಸ್ತಿನ ಎರಿಕ್ ಟೆನ್ ಹಾಗ್, ಹೀಗೆ ಪ್ರತಿ ಸಲವೂ ಹಿಂದಿನವರ ತದ್ವಿರುದ್ಧ ಸ್ವಭಾವದವರನ್ನು ತಂದರು. ಒಬ್ಬೊಬ್ಬರೂ ತಮ್ಮ ರುಚಿಗೆ ಆಟಗಾರರನ್ನು ಕೊಳ್ಳಿಸಿ ಹೋದರು. ಚಿಲ್ಲರೆ ಕಪ್ಪುಗಳು ಬಂದವು, ಫರ್ಗುಸನ್ ಹೋದ ಬಳಿಕದ ಹನ್ನೆರಡು ಋತುಗಳಲ್ಲಿ ಲೀಗ್ ಒಂದು ಸಲವೂ ಬರಲಿಲ್ಲ. 2024-25ರಲ್ಲಿ ತಂಡ ಹದಿನೈದನೇ ಸ್ಥಾನಕ್ಕೆ ಕುಸಿಯಿತು. ಇಷ್ಟೂ ಜನ ಅಯೋಗ್ಯರೇ? ಇರಲಾರದು. ಖಾಲಿಯಾದದ್ದು ಒಬ್ಬ ಮ್ಯಾನೇಜರ್ ಜಾಗ ಎಂದು ಅವರು ತಿಳಿದರು. ಖಾಲಿಯಾದದ್ದು ಒಂದು ಕಚೇರಿಯಷ್ಟು ಜಾಗ.

ಹಾಗಾದರೆ ಮೊದಲೇ ಕಚೇರಿ ಕಟ್ಟಿಟ್ಟರೆ ಸಾಕೇ? ಆರ್ಸೆನಲ್‌ನ ಕಥೆ ಹೌದೆನ್ನಲು ಬಿಡುವುದಿಲ್ಲ. ಆರ್ಸೆನ್ ವೆಂಗರ್ 1996ರಿಂದ 22 ವರ್ಷ ಇದ್ದರು. 2003-04ರಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದರು, ಹೊಸ ಕ್ರೀಡಾಂಗಣದ ಸಾಲ ತೀರುವವರೆಗೆ ಕಡಿಮೆ ದುಡ್ಡಿನಲ್ಲಿ ತಂಡ ನಡೆಸಿದರು, ಕೊನೆಯ ವರ್ಷಗಳಲ್ಲಿ ತಮ್ಮದೇ ಪ್ರೇಕ್ಷಕರಿಂದ ಬೈಸಿಕೊಂಡರು. ಅವರು 2018ರಲ್ಲಿ ಇಳಿಯುವ ಮೊದಲೇ ಕ್ಲಬ್ಬು ಆಟಗಾರರನ್ನು ಹುಡುಕಲು, ಖರೀದಿ ಕುದುರಿಸಲು ಬೇರೆಬೇರೆ ತಜ್ಞರನ್ನು ನೇಮಿಸಿಕೊಂಡಿತ್ತು. ವೆಂಗರ್ ಮಾತ್ರ ದೂರ ಉಳಿದರು. ನಾಲ್ಕು ವರ್ಷಕ್ಕೂ ಮಿಕ್ಕಿ ಆ ಕ್ರೀಡಾಂಗಣದ ಕಡೆ ತಲೆ ಹಾಕಲಿಲ್ಲ. 2022ರ ಡಿಸೆಂಬರ್‌ನಲ್ಲಿ ಒಮ್ಮೆ ಪಂದ್ಯ ನೋಡಲು ಬಂದರು. ಹಳೇ ಯಜಮಾನ ಹೀಗಿರಬೇಕು ಎಂದರೆ ಹೀಗೆ. ಆದರೂ ಹೊಸಬರಾದ ಉನೈ ಎಮೆರಿ ಹದಿನೆಂಟು ತಿಂಗಳಿಗೆ ಹೋಗಬೇಕಾಯಿತು. ಏಕೆಂದರೆ ಮುಖ್ಯಸ್ಥ ಇವಾನ್ ಗಜಿದಿಸ್ ಕೆಲವೇ ತಿಂಗಳಲ್ಲಿ ಮಿಲಾನ್ ಕ್ಲಬ್ಬಿಗೆ ಹೊರಟರು, ಆಟಗಾರರನ್ನು ಹುಡುಕುವ ಸ್ವೆನ್ ಮಿಸ್ಲಿಂಟಾಟ್ ಮರುವರ್ಷವೇ ಬಿಟ್ಟರು. ಕಟ್ಟಿದ ಕಚೇರಿಯೇ ಚದುರಿತು. ಎಮೆರಿ ಮುಂದೆ ವಿಲ್ಯರಿಯಲ್‌ಗೆ 2021ರ ಯುರೋಪಾ ಲೀಗ್ ಗೆದ್ದುಕೊಟ್ಟರು, ಆಸ್ಟನ್ ವಿಲ್ಲಾವನ್ನು ಚಾಂಪಿಯನ್ಸ್ ಲೀಗ್‌ಗೆ ಏರಿಸಿದರು.

ಲಿವರ್‌ಪೂಲ್‌ಗೆ ಐವತ್ತು ವರ್ಷದ ಬಳಿಕ ಮತ್ತೆ ಅದೇ ಪರೀಕ್ಷೆ ಬಂತು. 2024ರ ಜನವರಿ 26ರಂದು ಯೂರ್ಗನ್ ಕ್ಲಾಪ್ ಋತುವಿನ ಕೊನೆಗೆ ಹೊರಡುತ್ತೇನೆಂದರು. ತಂಡ ಆಗ ಪಟ್ಟಿಯ ತುದಿಯಲ್ಲಿತ್ತು. 2002ರಲ್ಲಿ ಫರ್ಗುಸನ್ ಹೆದರಿದ್ದು ಇಲ್ಲೂ ಆಯಿತು. ಲೀಗ್ ಕಪ್ ಒಂದು ಸಿಕ್ಕಿತು, ಉಳಿದದ್ದೆಲ್ಲ ವಸಂತದಲ್ಲಿ ಕೈಜಾರಿ ಮೂರನೇ ಸ್ಥಾನಕ್ಕೆ ನಿಂತಿತು. ಆದರೆ ಕ್ಲಬ್ಬಿಗೆ ನಾಲ್ಕು ತಿಂಗಳು ಸಿಕ್ಕಿತು. ಆಟಗಾರರ ಆಯ್ಕೆಯ ಲೆಕ್ಕಾಚಾರದಲ್ಲಿ ಹಿಂದೆ ಹೆಸರು ಮಾಡಿದ್ದ ಮೈಕಲ್ ಎಡ್ವರ್ಡ್ಸ್‌ರನ್ನು ಮಾಲೀಕರು ಮರಳಿ ಕರೆತಂದರು, ರಿಚರ್ಡ್ ಹ್ಯೂಸ್ ಕ್ರೀಡಾ ನಿರ್ದೇಶಕರಾದರು, ಅವರು ಫೆಯನೂರ್ಡ್ ಕ್ಲಬ್ಬಿನ ಆರ್ನೆ ಸ್ಲಾಟ್‌ರನ್ನು ಆರಿಸಿದರು. ಸ್ಲಾಟ್‌ಗೆ ಕೊಟ್ಟ ಹುದ್ದೆಯ ಹೆಸರೂ ಮ್ಯಾನೇಜರ್ ಅಲ್ಲ, ಮುಖ್ಯ ಕೋಚ್. ಮೆಕ್‌ಗಿನೆಸ್‌ಗೆ ಅವಮಾನವಾಗಿದ್ದ ಅದೇ ಹೆಸರು ಸ್ಲಾಟ್‌ಗೆ ಹಗುರವಾಯಿತು, ಉಳಿದ ಕೆಲಸ ಮಾಡಲು ಬೇರೆಯವರಿದ್ದರಲ್ಲ. ಕೊನೆಯ ಪಂದ್ಯ ಮುಗಿದ ಮೇಲೆ ಕ್ಲಾಪ್ ಮೈಕ್ ಹಿಡಿದು, ಇನ್ನೂ ಬಂದೇ ಇಲ್ಲದ ಸ್ಲಾಟ್ ಹೆಸರನ್ನು ತಾವೇ ಹಾಡಿ ಪ್ರೇಕ್ಷಕರಿಂದಲೂ ಹಾಡಿಸಿದರು.

ಆ ಬೇಸಿಗೆಯಲ್ಲಿ ಆಡಲು ಬಂದ ಹೊಸ ಆಟಗಾರ ಫೆಡರಿಕೊ ಕಿಯೆಸಾ ಒಬ್ಬರೇ. ಮಿಡ್‌ಫೀಲ್ಡ್‌ಗೆ ಬೇಕೆಂದಿದ್ದ ಮಾರ್ಟಿನ್ ಸುಬಿಮೆಂಡಿ ಬರಲಿಲ್ಲ. ಸ್ಲಾಟ್ ಗೊಣಗದೆ, ಕ್ಲಾಪ್ ಕೊಂಡು ಪಕ್ಕಕ್ಕಿಟ್ಟಿದ್ದ ರಯಾನ್ ಗ್ರಾವೆನ್‌ಬರ್ಖ್ ಅವರನ್ನು ಹಿಂದಕ್ಕೆಳೆದು ರಕ್ಷಣೆಯ ಮುಂದೆ ನಿಲ್ಲಿಸಿದರು. ಕೆನಡಿಯನ್ನು ಪೈಸ್ಲಿ ನಿಲ್ಲಿಸಿದ ಹಾಗೆಯೇ. 2025ರ ಏಪ್ರಿಲ್ 27ರಂದು ಟಾಟನ್‌ಹ್ಯಾಮ್ ಎದುರು 5-1 ಗೆದ್ದು, ನಾಲ್ಕು ಪಂದ್ಯ ಬಾಕಿಯಿರುವಾಗಲೇ ಲೀಗ್ ಅವರದಾಯಿತು.

ಮೊದಲ ವರ್ಷದ ತೀರ್ಪನ್ನು ನಾನು ಪೂರ್ತಿ ನಂಬುವವನಲ್ಲ. ಸ್ಲಾಟ್ ಎರಡನೇ ಋತುವಿನ ಮೊದಲರ್ಧದಲ್ಲೇ, ಕೋಟಿ ಕೋಟಿ ಪೌಂಡ್ ಸುರಿದು ಹೊಸಬರನ್ನು ತಂದ ಮೇಲೆ, ಸಾಲು ಸಾಲು ಸೋಲು ಕಂಡರು. 72 ಅಂಕದ ಮಾರ್ಟಿನೆಜ್ ಗತಿ ಏನಾಯಿತು? ಮೋಯ್ಸ್ ಹನ್ನೊಂದು ವರ್ಷ ಗಟ್ಟಿ ಮಾಡಿಟ್ಟಿದ್ದ ರಕ್ಷಣೆಯ ಮೇಲೆ ಅವರು ತಮ್ಮ ಸೊಗಸಿನ ಆಟ ಹೊದಿಸಿದರು. ರಕ್ಷಣೆ ಸವೆಯುತ್ತ ಬಂದಂತೆ ಸೊಗಸೂ ಹೋಯಿತು. ಮುಂದಿನೆರಡು ಋತು ಹನ್ನೊಂದನೇ ಸ್ಥಾನ, 2016ರ ಮೇನಲ್ಲಿ ವಜಾ. ಆಮೇಲೆ ಎವರ್ಟನ್ ಕೂಮನ್, ಆಲರ್ಡೈಸ್, ಸಿಲ್ವಾ, ಆಂಚೆಲೊಟ್ಟಿ, ಬೆನಿಟೆಜ್, ಲ್ಯಾಂಪಾರ್ಡ್, ಡೈಚ್ ಎಂದು ಏಳು ಜನರನ್ನು ಪ್ರಯತ್ನಿಸಿತು, ಎರಡು ಸಲ ಕೆಳ ಡಿವಿಷನ್ನಿಗೆ ಬೀಳುವುದರಿಂದ ಕೂದಲೆಳೆಯಲ್ಲಿ ಪಾರಾಯಿತು. ಮೋಯ್ಸ್ ಆ ನಡುವೆ ಸ್ಪೇನಿಗೆ ಹೋದರು, ಸಂಡರ್‌ಲ್ಯಾಂಡ್ ಜೊತೆ ಕೆಳಗಿಳಿದರು, ವೆಸ್ಟ್ ಹ್ಯಾಮ್‌ಗೆ 2023ರಲ್ಲಿ ಯುರೋಪಿನ ಕಾನ್ಫರೆನ್ಸ್ ಲೀಗ್ ಗೆದ್ದುಕೊಟ್ಟರು. 2025ರ ಜನವರಿಯಲ್ಲಿ, ಮತ್ತೆ ತಳಕ್ಕೆ ಜಾರುತ್ತಿದ್ದ ಎವರ್ಟನ್ ಫೋನ್ ಮಾಡಿದ್ದು ಅವರಿಗೇ. ಬಂದರು, ತಂಡವನ್ನು ಹದಿಮೂರನೇ ಸ್ಥಾನದಲ್ಲಿ ನಿಲ್ಲಿಸಿದರು. ಆಗ ಅವರಿಗೆ ಅರವತ್ತೆರಡು ವರ್ಷ. ಇವರಾದ ಮೇಲೆ ಯಾರು ಎಂದು ಎವರ್ಟನ್‌ನವರು ಇನ್ನೊಮ್ಮೆ ಯೋಚಿಸಬೇಕು.